ಟಿಪ್ಪುವಿನ ಲೆಕ್ಕ, ಕಾವೇರಿಯ ಮಳೆ

ಶ್ರೀರಂಗಪಟ್ಟಣ ಬಿದ್ದದ್ದು ಯಾಕೆ ಅಂತ ನಮ್ಮ ಸಂತೆಬಾಚಹಳ್ಳಿ ಕಡೆ ಯಾರನ್ನ ಕೇಳಿದ್ರೂ ಬರೋ ಉತ್ತರ ಒಂದೇ: ಮೀರ್ ಸಾದಿಕ್. ದ್ರೋಹದ ಕಥೆ ಹೇಳೋಕೂ ಸುಲಭ, ಕೇಳೋಕೂ ಚೆಂದ. ಆದ್ರೆ ನನ್ನನ್ನ ಕಾಡೋ ಪ್ರಶ್ನೆ ಬೇರೆ. 1799ರಲ್ಲಿ ಇಂಗ್ಲಿಷರು ಹೇಗೆ ಬರ್ತಾರೆ ಅಂತ ಟಿಪ್ಪು ಅಂದಾಜು ಮಾಡಿದ್ದ?

ಅದಕ್ಕೆ 1791ಕ್ಕೆ ಹೋಗ್ಬೇಕು. ಮಾರ್ಚಲ್ಲಿ ಬೆಂಗಳೂರು ಗೆದ್ದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಪಟ್ಟಣದ ಮೇಲೆ ಬಂದ. ಟಿಪ್ಪು ದಾರಿಯುದ್ದಕ್ಕೂ ಮೇವು, ದವಸ ಸುಡಿಸಿದ್ದ. ಮೇ 15ರಂದು ಅರಕೆರೆ ಹತ್ತಿರ ನಡೆದ ಕಾಳಗದಲ್ಲಿ ಗೆದ್ದಿದ್ದು ಇಂಗ್ಲಿಷರೇ, ಆದ್ರೆ ಗೆದ್ದು ಏನು ಬಂತು? ಮಳೆ ಹಿಡೀತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯೋಕೆ ಅಂತ ಎಳ್ಕೊಂಡು ಬಂದಿದ್ದ ದೊಡ್ಡ ಫಿರಂಗಿಗಳನ್ನ ಕನ್ನಂಬಾಡಿ ಹತ್ತಿರ ತಾವೇ ಹಾಳುಮಾಡಿ ವಾಪಸ್ ಹೊರಟರು. ಮಜಾ ಏನಂದ್ರೆ, ಮೇಲುಕೋಟೆ ದಾರಿಯಲ್ಲಿ ಕುದುರೆ ಸವಾರರು ಎದುರಾದಾಗ ಟಿಪ್ಪುವಿನ ದಂಡೇ ಅಂದ್ಕೊಂಡರಂತೆ. ಬಂದಿದ್ದು ಅವರದೇ ಮಿತ್ರರು, ಮರಾಠರು! ಟಿಪ್ಪುವಿನ ಸವಾರರು ಸುದ್ದಿ ಒಯ್ಯೋರನ್ನ ಅಷ್ಟು ಬಿಗಿಯಾಗಿ ತಡೆದಿದ್ದರು.

ಅಂದ್ರೆ ಹಸಿವು ಮತ್ತು ಮುಂಗಾರು, ಇವೆರಡೇ ಟಿಪ್ಪುವಿನ ನಿಜವಾದ ಕೋಟೆ. ತೊಂದರೆ ಏನಂದ್ರೆ ಇದು ಎದುರಾಳಿಗೂ ಗೊತ್ತಾಯ್ತು. ಕಾರ್ನ್‌ವಾಲಿಸ್ ಮತ್ತೆ ಬಂದಿದ್ದು 1792ರ ಫೆಬ್ರವರಿಯಲ್ಲಿ, ಮಳೆಗೆ ನಾಲ್ಕು ತಿಂಗಳು ಮುಂಚೆ. ಟಿಪ್ಪು ಅರ್ಧ ರಾಜ್ಯ ಕಳ್ಕೊಂಡ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ.

1799ರಲ್ಲಿ ಜನರಲ್ ಹ್ಯಾರಿಸ್ ದವಸ ಹೊತ್ತ ಬಂಜಾರರ ಎತ್ತುಗಳ ದೊಡ್ಡ ಹಿಂಡನ್ನೇ ಜೊತೆಗೆ ತಂದ. ಟಿಪ್ಪು ಮತ್ತೆ ಅರಕೆರೆ ಕಡೆಯ ಹಳೇ ದಾರಿಯಲ್ಲೇ ಮೇವು ಸುಡಿಸಿದ್ದ. ಹ್ಯಾರಿಸ್ ಮಳವಳ್ಳಿ ಕಾಳಗ ಮುಗಿಸಿ ಎಡಕ್ಕೆ ತಿರುಗಿ, ಮಾರ್ಚ್ ಕೊನೆಯಲ್ಲಿ ಸೋಸಲೆ ಹತ್ತಿರ ಕಾವೇರಿ ದಾಟಿಬಿಟ್ಟ. ಆಚೆ ದಡದಲ್ಲಿ ಮೇವು ಹಾಗೇ ಇತ್ತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಎದುರಾಳಿ ಹಳೇ ಬಗ್‌ಗಳನ್ನೆಲ್ಲ ಸರಿಮಾಡ್ಕೊಂಡು ಹೊಸ ವರ್ಷನ್ ತಂದಿದ್ದ :)

ಹಾಗಂತ ಟಿಪ್ಪುವಿನ ಲೆಕ್ಕ ದಡ್ಡತನದ್ದು ಅಂತ ನಾನು ಒಪ್ಪಲ್ಲ. ಏಪ್ರಿಲ್ ಮಧ್ಯದ ಹೊತ್ತಿಗೆ ಹ್ಯಾರಿಸ್‌ನ ಪಾಳೆಯದಲ್ಲೂ ಅಕ್ಕಿ ಮುಗೀತಾ ಬಂದಿತ್ತು. ಮುಂಗಾರಿಗೂ ಹೆಚ್ಚು ದಿನ ಇರಲಿಲ್ಲ. ಇನ್ನೊಂದು ತಿಂಗಳು ಕೋಟೆ ತಡೆದಿದ್ರೆ 1791 ಮತ್ತೆ ನಡೀತಿತ್ತೇನೋ. ಆದ್ರೆ ಇಂಗ್ಲಿಷರು ಪಶ್ಚಿಮದ ಗೋಡೆ ಒಡೆದು ಮೇ 4ರ ಮಟಮಟ ಮಧ್ಯಾಹ್ನ ನುಗ್ಗಿದಾಗ, ಕಾವೇರಿ ನಡೆದುಕೊಂಡೇ ದಾಟೋ ಹಾಗಿತ್ತು.