ಮದುವೆಯಾದವರಿಗೆ ಜಾಗವಿಲ್ಲದ ಮನೆ

ಮಕ್ಕಳ ವಿಭಾಗದಲ್ಲಿ ಪೀಜಿ ಮಾಡುತ್ತಿರುವ, ಮದುವೆಯಾಗಿ ಒಂದೆರಡು ವರ್ಷವಾದ ಡಾಕ್ಟರೊಬ್ಬರ ದಿನಚರಿ ಬಾಲ್ಟಿಮೋರಿನಲ್ಲಾದರೂ ಬೆಂಗಳೂರಿನಲ್ಲಾದರೂ ಹೆಚ್ಚುಕಡಿಮೆ ಒಂದೇ. ಊರು ಏಳುವ ಮೊದಲೇ ವಾರ್ಡಿನಲ್ಲಿರಬೇಕು. ರೌಂಡ್ಸ್ ಶುರುವಾಗುವುದರೊಳಗೆ ಯಾವ ಮಗು ಎಷ್ಟು ತೂಗಿತು, ಎಷ್ಟು ಹಾಲು ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು ಎಂಬುದೆಲ್ಲ ನಾಲಿಗೆಯ ಮೇಲಿರಬೇಕು. ದೊಡ್ಡವರಿಗಾದರೆ ಒಂದು ಮಾತ್ರೆ ಎಂದರೆ ಮುಗಿಯಿತು. ಇಲ್ಲಿ ಪ್ರತಿಯೊಂದನ್ನೂ ಕಿಲೋ ತೂಕಕ್ಕೆ ಇಷ್ಟು ಎಂದು ಲೆಕ್ಕಹಾಕಬೇಕು, ದಶಮಾಂಶದ ಚುಕ್ಕಿ ಒಂದು ಸ್ಥಾನ ಸರಿದರೂ ಔಷಧ ಹತ್ತು ಪಟ್ಟಾಗುತ್ತದೆ. ಆಮೇಲೆ ಓಪಿಡಿ, ಸಂಜೆಯ ರೌಂಡ್ಸ್, ಮೂರು ನಾಲ್ಕು ದಿನಕ್ಕೊಮ್ಮೆ ರಾತ್ರಿ ಡ್ಯೂಟಿ, ಅದು ಮುಗಿದ ಮೇಲೂ ಅರ್ಧ ದಿನದ ಕೆಲಸ, ಇವುಗಳ ಸಂದಿಯಲ್ಲಿ ಥೀಸಿಸ್. ಇಷ್ಟೂ ಆಗಿ ಮಿಕ್ಕದ್ದು ಮನೆಯವರ ಪಾಲಿಗೆ. ಯಾಕೆ ಹೀಗೆ ಎಂದು ಕೇಳಿದರೆ ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: ಈ ವೃತ್ತಿಯೇ ಹಾಗೆ, ಮೊದಲಿನಿಂದಲೂ ಹಾಗೆ. ಈ 'ಮೊದಲಿನಿಂದಲೂ' ಎಂಬ ಮಾತನ್ನು ಪರೀಕ್ಷಿಸಿ ನೋಡಬೇಕು. ಈ ದಿನಚರಿಗೆ ಒಂದು ಹುಟ್ಟೂರಿದೆ, ಹುಟ್ಟಿದ ಕಾಲವಿದೆ. ಅದನ್ನು ಕಟ್ಟಿದ್ದು ಹೆಂಡತಿ ಮಕ್ಕಳಿಲ್ಲದ ಗಂಡಸರಿಗಾಗಿ, ಮತ್ತು ಅವರ ದುಡಿಮೆಗೆ ಬದಲಾಗಿ ಆಸ್ಪತ್ರೆ ಅವರಿಗೊಂದು ಮನೆಯನ್ನು ಕೊಡುತ್ತಿತ್ತು. ಮದುವೆಯಾದವರು ಬಂದಾಗ ಆಸ್ಪತ್ರೆ ಆ ಮನೆಯನ್ನು ಹಿಂತೆಗೆದುಕೊಂಡಿತು. ಗಂಟೆಗಳನ್ನು ಮಾತ್ರ ಹಾಗೇ ಉಳಿಸಿಕೊಂಡಿತು.

ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಬಾಲ್ಟಿಮೋರಿನಲ್ಲಿ ಬಾಗಿಲು ತೆರೆದದ್ದು 1889ರಲ್ಲಿ. ವೈದ್ಯ ವಿಭಾಗಕ್ಕೆ ವಿಲಿಯಂ ಆಸ್ಲರ್, ಶಸ್ತ್ರಚಿಕಿತ್ಸೆಗೆ ವಿಲಿಯಂ ಹಾಲ್‌ಸ್ಟೆಡ್ ಮುಖ್ಯಸ್ಥರಾದರು. ಜರ್ಮನಿಯಲ್ಲಿ ಪ್ರೊಫೆಸರರ ಕೈಕೆಳಗೆ ವರ್ಷಗಟ್ಟಲೆ ಪಳಗುತ್ತಿದ್ದ ಸಹಾಯಕರನ್ನು ಕಂಡಿದ್ದ ಇವರು ಆ ಪದ್ಧತಿಯನ್ನು ತಮ್ಮ ರೀತಿಯಲ್ಲಿ ಇಲ್ಲಿ ನೆಟ್ಟರು. ಪದವಿ ಮುಗಿಸಿದ ತರುಣ ಆಸ್ಪತ್ರೆಯೊಳಗೇ ವಾಸಿಸಬೇಕು, ಕರೆದಾಗ ಏಳಬೇಕು, ಎಷ್ಟು ವರ್ಷ ಎಂದು ಕೇಳಬಾರದು. ಹಾಲ್‌ಸ್ಟೆಡ್ ಬಳಿ ಇದು ಎಂಟು ವರ್ಷದವರೆಗೂ ಹಿಗ್ಗುತ್ತಿತ್ತು. ಕೆಳಗೆ ಸೇರಿದವರಲ್ಲಿ ತುದಿ ಮುಟ್ಟುತ್ತಿದ್ದವರು ಬೆರಳೆಣಿಕೆಯವರು. ಇಂಥ ಕಡೆ ತರಬೇತಿಯ ವೈದ್ಯನಿಗೆ ಸಂಬಳವೆಂಬುದು ಇರುತ್ತಿರಲಿಲ್ಲ, ಇದ್ದರೂ ಕೈಖರ್ಚಿನಷ್ಟು. ಕೋಣೆ, ಊಟ, ಬಿಳಿ ಅಂಗಿ, ಅದರ ಒಗೆತ, ಇವೇ ಕೂಲಿ. ಆಸ್ಲರ್ ತಾವೇ ಮೊದಮೊದಲು ಕೆಲಕಾಲ ಆಸ್ಪತ್ರೆಯ ಕೋಣೆಗಳಲ್ಲಿದ್ದರು, ತಮ್ಮ ಹೆಸರಾಂತ ಪಠ್ಯಪುಸ್ತಕವನ್ನು ಬರೆದು ಮುಗಿಸಿ, 1892ರಲ್ಲಿ, ನಲವತ್ತೆರಡರ ಪ್ರಾಯದಲ್ಲಿ ಮದುವೆಯಾದರು. ಪ್ರೀತಿ ಪ್ರಣಯಗಳನ್ನು ಕೆಲಕಾಲ ಮಂಜುಗಡ್ಡೆಯ ಮೇಲಿಡಿ ಎಂಬರ್ಥದ ಉಪದೇಶವನ್ನು ಅವರು ವಿದ್ಯಾರ್ಥಿಗಳಿಗೆ ಮುಂದೆ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಮದುವೆಯ ನಂತರ ಅವರ ಪಕ್ಕದ ಮನೆಯಲ್ಲಿದ್ದ ಕಿರಿಯ ವೈದ್ಯರಿಗೆ ಆಸ್ಲರ್ ದಂಪತಿಗಳ ಮನೆಯ ಕೀಲಿಕೈಯೇ ಸಿಕ್ಕಿತ್ತು. ದುಡಿಯುವವನಿಗೆ ಉಣ್ಣಲು, ಒರಗಲು, ಮಾತಾಡಲು ಒಂದು ಮನೆ ಬೇಕು ಎಂಬುದನ್ನು ಆ ಹಳಬರು ಮರೆತಿರಲಿಲ್ಲ.

ಈ ಗಂಟೆಗಳ ಹುಚ್ಚಿಗೆ ಹಾಲ್‌ಸ್ಟೆಡ್‌ರ ಕೊಕೇನ್ ಚಟವೇ ಕಾರಣ ಎಂಬ ಕಥೆ ಇತ್ತೀಚೆಗೆ ಬಹಳ ಓಡಾಡುತ್ತಿದೆ. ಚಟವಿದ್ದದ್ದು ನಿಜ, ಅದನ್ನು ಬಿಡಿಸಲು ಹೋಗಿ ಮಾರ್ಫಿನ್ ಅಂಟಿಕೊಂಡದ್ದೂ ನಿಜ. ಆದರೆ ಅಂಥ ಚಟವೇನೂ ಇಲ್ಲದ ಆಸ್ಲರ್ ವಿಭಾಗದಲ್ಲೂ ತರುಣರು ಹಗಲಿರುಳು ಆಸ್ಪತ್ರೆಯಲ್ಲೇ ಇದ್ದರಲ್ಲ? ಹಾಲ್‌ಸ್ಟೆಡ್ ಅಂತೂ ದೀರ್ಘ ರಜೆಯ ಮೇಲೆ ಹೋಗಿಬಿಡುತ್ತಿದ್ದವರು, ವಿಭಾಗ ನಡೆಯುತ್ತಿದ್ದದ್ದು ಅವರ ಮುಖ್ಯ ರೆಸಿಡೆಂಟ್‌ನಿಂದ. ಒಬ್ಬನ ದುರಭ್ಯಾಸದ ಮೇಲೆ ಹೊರಿಸಿಬಿಟ್ಟರೆ ಕಥೆ ರುಚಿಯಾಗುತ್ತದೆ, ಕಾರಣ ಮರೆಯಾಗುತ್ತದೆ. ಕೂಲಿಯಿಲ್ಲದ, ಸಂಸಾರವಿಲ್ಲದ, ಅಲ್ಲೇ ಮಲಗುವ ಕೆಲಸಗಾರರು ಸಿಕ್ಕಾಗ ಗಂಟೆ ಎಣಿಸುವ ಅಗತ್ಯವೇ ಯಾರಿಗೂ ಬೀಳಲಿಲ್ಲ.

ಮದುವೆಯಾದರೆ ಏನಾಗುತ್ತಿತ್ತು ಎಂಬುದಕ್ಕೆ ಮಕ್ಕಳ ವೈದ್ಯದ ಚರಿತ್ರೆಯೊಳಗೇ ಉದಾಹರಣೆ ಇದೆ. ಹಾಪ್ಕಿನ್ಸ್ ವೈದ್ಯಶಾಲೆ 1893ರಲ್ಲಿ ಹೆಂಗಸರನ್ನು ಸರಿಸಮನಾಗಿ ಸೇರಿಸಿಕೊಂಡಿತು. ಔದಾರ್ಯದಿಂದಲ್ಲ, ಮೇರಿ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ತಮ್ಮ ದೊಡ್ಡ ದೇಣಿಗೆಗೆ ಹಾಕಿದ ಷರತ್ತು ಅದು. ಹಾಗೆ ಓದಿ 1900ರಲ್ಲಿ ಪದವಿ ಪಡೆದ ಡೊರೊತಿ ರೀಡ್, ಆಸ್ಲರ್ ಕೆಳಗೆ ಇಂಟರ್ನ್ ಆದರು, ಹಾಡ್ಕಿನ್ ಕಾಯಿಲೆಯ ಗುರುತಾದ ಜೀವಕೋಶವನ್ನು 1902ರಲ್ಲಿ ವಿವರಿಸಿದರು. ಇಂದಿಗೂ ಆ ಕೋಶಕ್ಕೆ ಅವರ ಹೆಸರಿದೆ. ಹೆಂಗಸಿಗೆ ಅಲ್ಲಿ ಮುಂದಿನ ಮೆಟ್ಟಿಲಿಲ್ಲ ಎಂದು ತಿಳಿದ ಮೇಲೆ ನ್ಯೂಯಾರ್ಕಿಗೆ ಹೋಗಿ, 1903ರಲ್ಲಿ ಅಲ್ಲಿನ ಬೇಬೀಸ್ ಆಸ್ಪತ್ರೆಯ ಮೊದಲ ರೆಸಿಡೆಂಟ್ ವೈದ್ಯೆಯಾದರು. 1906ರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನು ಮದುವೆಯಾಗಿ ವಿಸ್ಕಾನ್ಸಿನ್‌ಗೆ ಹೋದರು. ಅಲ್ಲಿಗೆ ಆಸ್ಪತ್ರೆಯ ಬದುಕು ಮುಗಿಯಿತು. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಇಬ್ಬರನ್ನು ಕಳೆದುಕೊಂಡ ಅವರು ಕೆಲವು ವರ್ಷಗಳ ನಂತರ ಕೆಲಸಕ್ಕೆ ಮರಳಿದ್ದು ವಾರ್ಡಿಗಲ್ಲ, ತಾಯಿ ಮಕ್ಕಳ ಆರೋಗ್ಯದ ಬೋಧನೆಗೆ, ಸರ್ಕಾರದ ಮಕ್ಕಳ ಇಲಾಖೆಯ ಕೈಪಿಡಿಗಳ ಬರವಣಿಗೆಗೆ. ಆ ಕೆಲಸದ ಬೆಲೆ ಕಡಿಮೆಯೇನಲ್ಲ. ಆದರೆ ಹಳೆಯ ಕಾಲದವರು ಗೊಣಗದೆ ದುಡಿದರು, ಈಗಿನವರಿಗೆ ತಾಳ್ಮೆಯಿಲ್ಲ ಎನ್ನುವವರು ಈ ಒಂದು ಅಂಶವನ್ನು ಬಿಡುತ್ತಾರೆ: ಗೊಣಗುವ ಕಾರಣವಿದ್ದವರು ಆ ಮನೆಯಿಂದ ಮೊದಲೇ ಹೊರಗಾಗಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಎಷ್ಟೋ ಆಸ್ಪತ್ರೆಗಳು ಮದುವೆಯಾದ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಉಳಿದವರ ಮೌನವನ್ನು ಎಲ್ಲರ ಒಪ್ಪಿಗೆ ಎಂದು ಓದುವುದು ಸರಿಯಲ್ಲ.

ಎರಡನೆಯ ಮಹಾಯುದ್ಧ ಈ ಏರ್ಪಾಟನ್ನು ಮುರಿಯಿತು. ಸೈನ್ಯದಿಂದ ಮರಳಿದ ವೈದ್ಯರು ಹೆಂಡತಿ ಮಕ್ಕಳೊಂದಿಗೆ ಬಂದರು. ಅವರನ್ನು ಕೋಣೆಯಲ್ಲಿ ಕೂಡಿಹಾಕುವಂತಿರಲಿಲ್ಲ. ಆದರೂ ಭತ್ಯೆ ಬೆಳೆಯಲಿಲ್ಲ. ಮನೆ ಬಾಡಿಗೆ ಕಟ್ಟಿದ್ದು ಹೆಂಡತಿಯ ಸಂಬಳ: ಟೈಪಿಸ್ಟ್, ಶಿಕ್ಷಕಿ, ನರ್ಸ್. ಗಂಡನನ್ನು ಓದಿಸಿದ್ದಕ್ಕಾಗಿ ಅಂಥ ಹೆಂಡತಿಯರಿಗೆ ಅಮೆರಿಕದ ಕಾಲೇಜುಗಳಲ್ಲಿ 'ಪಿಎಚ್‌ಟಿ' (ಪುಟಿಂಗ್ ಹಬ್ಬಿ ಥ್ರೂ) ಎಂಬ ತಮಾಷೆಯ ಪ್ರಮಾಣಪತ್ರ ಕೊಡುತ್ತಿದ್ದರು. ತಮಾಷೆಯಾದರೂ ಲೆಕ್ಕ ಸರಿಯಾಗಿಯೇ ಇತ್ತು. 1965ರ ಮೆಡಿಕೇರ್ ಕಾನೂನಿನ ಹಣ ಆಸ್ಪತ್ರೆಗಳಿಗೆ ಹರಿದ ಮೇಲೆ ಸಂಬಳ ಏರಿತು. ಗಂಟೆಗಳು ಇಳಿಯಲಿಲ್ಲ. 1975ರಲ್ಲಿ ನ್ಯೂಯಾರ್ಕಿನ ಕಿರಿಯ ವೈದ್ಯರು ಮುಷ್ಕರ ಹೂಡಿದ್ದು ಗಂಟೆಗಳಿಗಾಗಿಯೇ.

ಮದುವೆ ಈ ಪದ್ಧತಿಯ ತಳವನ್ನೇ ಎಷ್ಟು ಅಲುಗಾಡಿಸಿತು ಎಂಬುದಕ್ಕೆ ಇನ್ನೊಂದು ಸಾಕ್ಷಿ ಗಣಿತದ್ದು. 1952ರಿಂದ ಅಮೆರಿಕದಲ್ಲಿ ಯಾವ ವೈದ್ಯ ಯಾವ ಆಸ್ಪತ್ರೆಗೆ ಎಂಬುದನ್ನು ಎರಡೂ ಕಡೆಯ ಆಯ್ಕೆಪಟ್ಟಿಗಳನ್ನು ಹೊಂದಿಸಿ ಒಂದೇ ಕೇಂದ್ರ ತೀರ್ಮಾನಿಸುತ್ತದೆ. ಆ ಲೆಕ್ಕದಲ್ಲಿ ಅಭ್ಯರ್ಥಿ ಎಂದರೆ ಒಂಟಿ ಜೀವ. 1970ರ ದಶಕದಲ್ಲಿ ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿರುವುದು ಸಾಮಾನ್ಯವಾಗತೊಡಗಿದಾಗ ಇಬ್ಬರಿಗೂ ಒಂದೇ ಊರು ಸಿಗುವುದು ಕಷ್ಟವಾಯಿತು. ಕೇಂದ್ರ ಕಂಡುಕೊಂಡ ಮೊದಲ ಉಪಾಯ ಹೀಗಿತ್ತು: ಇಬ್ಬರಲ್ಲಿ ಯಾರು ಮುಂದಾಳು ಎಂದು ದಂಪತಿ ಬರೆದುಕೊಡಬೇಕು, ಆ ವ್ಯಕ್ತಿಗೆ ಮೊದಲು ಜಾಗ, ಇನ್ನೊಬ್ಬರಿಗೆ ಆ ಊರಿನಲ್ಲಿ ಸಿಕ್ಕಿದ್ದು. ಎಷ್ಟೋ ದಂಪತಿಗಳು ಈ ಏರ್ಪಾಟನ್ನೇ ಬಿಟ್ಟು ಹೊರಗೆ ತಾವೇ ಮಾತಾಡಿ ಜಾಗ ಹುಡುಕಿಕೊಂಡರು. ಕೊನೆಗೆ 1980ರ ದಶಕದಲ್ಲಿ ಇಬ್ಬರೂ ಸೇರಿ ಜೋಡಿ ಆಯ್ಕೆಗಳನ್ನು ಕೊಡುವ ಅವಕಾಶ ಬಂತು. ಅದೇ ಹೊತ್ತಿಗೆ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್, ದಂಪತಿಗಳಿರುವ ಕಡೆ ಎಲ್ಲರೂ ಒಪ್ಪಿ ನಿಲ್ಲುವಂಥ ಹೊಂದಾಣಿಕೆ ಯಾವಾಗಲೂ ಇದ್ದೇ ಇರುತ್ತದೆ ಎನ್ನಲಾಗದು ಎಂದು ತೋರಿಸಿದರು. ಅವರು ಎಲಿಯಟ್ ಪೆರಾನ್ಸನ್ ಜೊತೆ ಸೇರಿ ತಿದ್ದಿದ ಲೆಕ್ಕಕ್ರಮ 1998ರಿಂದ ಬಳಕೆಗೆ ಬಂತು; 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ರಾತ್‌ಗೂ ಪಾಲು ಸಿಕ್ಕಿತು. ಊರು ಹೊಂದಿಸುವ ತನಕ ಸಂಸಾರವನ್ನು ಲೆಕ್ಕಕ್ಕೆ ತೆಗೆದುಕೊಂಡ ವ್ಯವಸ್ಥೆ, ಆ ಊರಿಗೆ ಹೋದ ಮೇಲಿನ ದಿನಗಳ ವಿಷಯದಲ್ಲಿ ಹಳೆಯ ಒಂಟಿ ಜೀವದ ಲೆಕ್ಕವನ್ನೇ ಮುಂದುವರಿಸಿತು.

ಈ ಗಂಟೆಗಳನ್ನು ಪ್ರಶ್ನಿಸುವ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಕಲಿಕೆಯದು. ಮಗುವಿನ ಕಾಯಿಲೆ ಗಂಟೆಗಂಟೆಗೆ ಬದಲಾಗುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮಗು ಭೇದಿಯಿಂದ ಸಂಜೆಗೆ ಕಣ್ಣು ಗುಳಿಬಿದ್ದು ಮಲಗಿರುತ್ತದೆ. ಪಕ್ಕದಲ್ಲೇ ಇದ್ದು ನೋಡದವರು ಏನು ಕಲಿತಾರು? ಮಾತು ನಿಜ. ಆದರೆ ಆಸ್ಲರ್ ಕಾಲದಲ್ಲಿ ಟೈಫಾಯ್ಡ್ ರೋಗಿ ವಾರಗಟ್ಟಲೆ ಅದೇ ಹಾಸಿಗೆಯಲ್ಲಿರುತ್ತಿದ್ದ. ನಿಧಾನವಾಗಿ ಸಾಗುವ ಕಾಯಿಲೆ, ಬೆರಳೆಣಿಕೆಯ ಔಷಧ. ಅಲ್ಲೇ ವಾಸಿಸುವವನಿಗೆ ನಡುನಡುವೆ ನಿದ್ದೆಯೂ ಸಿಗುತ್ತಿತ್ತು. ಈಗ ಎರಡು ಮೂರು ದಿನದಲ್ಲಿ ಮಗು ಮನೆಗೆ ಹೋಗುತ್ತದೆ, ಆ ಹಾಸಿಗೆಗೆ ಅದೇ ದಿನ ಇನ್ನೊಂದು ಬರುತ್ತದೆ. ಹೆಸರಿಗೆ ಅದೇ ರಾತ್ರಿ ಡ್ಯೂಟಿ, ಒಳಗಿನ ಕೆಲಸ ಬೇರೆಯೇ.

ಹಾಗಾದರೆ ಗಂಟೆ ಇಳಿಸಿದರೆ ಸಾಕೆ? ಇಲ್ಲಿ ನನ್ನ ಪಕ್ಷಕ್ಕೆ ಅನುಕೂಲವಲ್ಲದ ಪುರಾವೆಯನ್ನೂ ಮುಂದಿಡಬೇಕು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ, ಉದ್ದ ಪಾಳಿಯ ಕಿರಿಯ ವೈದ್ಯರ ಆರೈಕೆಯಲ್ಲಿದ್ದ 18 ವರ್ಷದ ಲಿಬ್ಬಿ ಜಿಯಾನ್ ತೀರಿಕೊಂಡದ್ದು, ಪತ್ರಕರ್ತರಾದ ತಂದೆ ಅದನ್ನು ಬಿಡದೆ ಬೆನ್ನುಹತ್ತಿದ್ದು, 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿದ್ದು, 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಹಬ್ಬಿದ್ದು ತಿಳಿದ ಕಥೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೀವ್ರ ನಿಗಾ ಘಟಕದ ಇಂಟರ್ನ್‌ಗಳು ಉದ್ದ ಪಾಳಿಯಲ್ಲಿ ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಆದರೆ 2020ರಲ್ಲಿ, ಅದೇ ಸಂಶೋಧಕರ ಬಳಗ ಆರು ಆಸ್ಪತ್ರೆಗಳ ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ನಡೆಸಿದ ಪರೀಕ್ಷೆಯ ಫಲ ತಿರುವುಮುರುವಾಗಿ ಬಂತು: ಪಾಳಿ ಚಿಕ್ಕದಾದಾಗ ತಪ್ಪುಗಳು ಹೆಚ್ಚಾದವು. ಹಿರಿಯರು ಇದನ್ನು ಹಿಡಿದು ನಕ್ಕರೆ ತಪ್ಪೇನಿಲ್ಲ; ಪೂರ್ತಿ ಓದಿದ ಮೇಲೆ ನಗಬೇಕು ಅಷ್ಟೆ. ಚಿಕ್ಕ ಪಾಳಿಯಲ್ಲಿ ಒಬ್ಬೊಬ್ಬ ರೆಸಿಡೆಂಟ್ ನೋಡಬೇಕಾದ ಮಕ್ಕಳ ಸಂಖ್ಯೆ ಏರಿತ್ತು. ಗಂಟೆ ಕತ್ತರಿಸಿದ್ದರು, ಕೆಲಸ ಅಷ್ಟೇ ಇತ್ತು, ಕೈಗಳನ್ನು ಸೇರಿಸಿರಲಿಲ್ಲ. ಮೊದಲು ಆಸ್ಪತ್ರೆ ತನ್ನ ಖರ್ಚನ್ನು ತರುಣರ ನಿದ್ದೆಯಿಂದ ತೂಗಿಸಿತು, ನಂತರ ಹೆಂಡತಿಯ ಸಂಬಳದಿಂದ, ಈಗ ಪಕ್ಕದ ಪಾಳಿಯವರ ಮೇಲೆ ಹೇರಿ. ಅಮೆರಿಕದ ಮಕ್ಕಳ ವಿಭಾಗಗಳಲ್ಲಿ ಇಂದು ತರಬೇತಿ ಪಡೆಯುವವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೆಂಗಸರು. ಹಿಂದೆ ಗಂಡನ ಡ್ಯೂಟಿಗೆ ಊಟ ಕಟ್ಟಿಕೊಟ್ಟ ಹೆಂಡತಿಯ ಜಾಗದಲ್ಲಿ ನಿಲ್ಲುವವರು ಬಹುತೇಕ ಮನೆಗಳಲ್ಲಿ ಯಾರೂ ಇಲ್ಲ.

ನಮ್ಮಲ್ಲಿ ಕಾಗದದ ಮಟ್ಟಿಗೆ ಈ ಪ್ರಶ್ನೆ ಅಮೆರಿಕಕ್ಕಿಂತ ಮೊದಲೇ ಇತ್ಯರ್ಥವಾಗಿದೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯ ಆದೇಶದ ಪ್ರಕಾರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಅಂಕಿ ಕಾಣೆಯಾಗಿ 'ಸಮಂಜಸ' ಗಂಟೆಗಳು ಎಂದಾಯಿತು. ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನದ ಸಾಂದರ್ಭಿಕ ರಜೆಯ ಮಾತು ಅದರಲ್ಲಿದೆ. ಕಾಲೇಜು ವಸತಿ ಒದಗಿಸಲೇಬೇಕು, ಆದರೆ ಪೀಜಿಗಳು ಹಾಸ್ಟೆಲಿನಲ್ಲೇ ಇರಬೇಕೆಂದಿಲ್ಲ ಎಂದೂ ಅದು ಹೇಳುತ್ತದೆ. ಎಂದರೆ 1889ರ ವಾಸದ ಕಟ್ಟಳೆ ಮೈಸೂರು, ಹುಬ್ಬಳ್ಳಿಯ ವಾರ್ಡುಗಳಲ್ಲೂ ನಿಯಮದ ಪುಸ್ತಕದಿಂದ ತೊಲಗಿದೆ. ಮರುವರ್ಷ, 2024ರಲ್ಲಿ, ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಅದೇ ಆಯೋಗ ನೇಮಿಸಿದ ಕಾರ್ಯಪಡೆ, ಪೀಜಿಗಳ ದುಡಿಮೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಇದನ್ನು ಸುಧಾರಣೆ ಎಂದು ಸ್ವಾಗತಿಸಿದವರಲ್ಲಿ 1992ರ 48ನ್ನು ನೆನೆದವರು ಹೆಚ್ಚಿರಲಾರರು.