ಇಲಿಯ ಹೃದಯದ ಅಳತೆ ಮತ್ತು ವಂಶವಾಹಿ ಸಂಶೋಧನೆ

ಕೆಲವು ಮನೆತನಗಳಲ್ಲಿ ಹೃದ್ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕೆ ಯಾವ ವಂಶವಾಹಿ ಕಾರಣವೆಂಬುದನ್ನು ಮನುಷ್ಯರ ಮೇಲೆ ಪ್ರಯೋಗಿಸಿ ತಿಳಿಯಲಾಗದು. ಆದುದರಿಂದಲೇ ವಿಜ್ಞಾನಿಗಳು ಇಲಿಯ ಹೃದಯವನ್ನು ಅಳೆಯುತ್ತಾರೆ. ಆ ಕಾರ್ಯದ ಸ್ಥೂಲ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ಇಲಿಯೇ ಏಕೆ?

ಮನುಷ್ಯನ ಬಹುಪಾಲು ವಂಶವಾಹಿಗಳಿಗೆ ಸಂವಾದಿಯಾದವು ಇಲಿಯಲ್ಲಿವೆ. ಆಯ್ದ ಒಂದು ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಇಲಿಯನ್ನು 'ನಾಕ್‌ಔಟ್' ಇಲಿ ಎನ್ನುತ್ತಾರೆ. ಈ ವಿಧಾನಕ್ಕೆ ತಳಹದಿ ಹಾಕಿದ ಮಾರಿಯೋ ಕಪೆಕಿ, ಮಾರ್ಟಿನ್ ಇವಾನ್ಸ್ ಮತ್ತು ಆಲಿವರ್ ಸ್ಮಿಥೀಸ್ ಅವರಿಗೆ 2007ರ ನೊಬೆಲ್ ಪ್ರಶಸ್ತಿ ಸಂದಿತು.

ಅಳೆಯುವ ವಿಧಾನಗಳು

ಇಲಿಯ ಹೃದಯದ ತೂಕ ಒಂದು ಗ್ರಾಮಿಗಿಂತ ಬಹಳ ಕಡಿಮೆ. ಬಡಿತವಾದರೋ ನಿಮಿಷಕ್ಕೆ 500ರಿಂದ 700. ಮನುಷ್ಯರ ಎಕೋ ಪರೀಕ್ಷೆಗೆ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್‌ನ ಶಬ್ದತರಂಗಗಳು ಸಾಕು. ಇಲಿಗೆ ಸುಮಾರು 30 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನವು ಬೇಕು. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ, ಹೃದಯದ ಗೋಡೆ ಎಷ್ಟು ದಪ್ಪವಾಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಬಡಿತದ ಲಯವನ್ನು ಇ.ಸಿ.ಜಿ. ತೋರಿಸುತ್ತದೆ. ಹೃದಯದೊಳಗಿನ ಒತ್ತಡವನ್ನು ಅರ್ಧ ಮಿಲಿಮೀಟರಿಗಿಂತ ಸಪೂರವಾದ ನಳಿಕೆಯಿಂದ ಅಳೆಯುತ್ತಾರೆ.

ತಪ್ಪುವ ಸಂಭವ

ಇಲಿ ಅಲುಗಾಡದಿರಲೆಂದು ಅರಿವಳಿಕೆ ಕೊಟ್ಟರೆ ಬಡಿತ ಕುಗ್ಗುತ್ತದೆ. ಮೈ ತಣ್ಣಗಾದರೂ ಕುಗ್ಗುತ್ತದೆ. ಆಗ ನಿರ್ದೋಷಿಯಾದ ವಂಶವಾಹಿಯ ಮೇಲೆ ಅಪವಾದ ಬರಬಹುದು. ಇದನ್ನು ತಪ್ಪಿಸಲು ಇಲಿಯನ್ನು ಬೆಚ್ಚಗಿನ ಹಲಗೆಯ ಮೇಲೆ ಮಲಗಿಸುತ್ತಾರೆ, ಅರಿವಳಿಕೆಯನ್ನು ಮಿತಿಯಲ್ಲಿಡುತ್ತಾರೆ, ಒಂದೇ ಸೂಲಿನ ಮರಿಗಳನ್ನು ಪರಸ್ಪರ ಹೋಲಿಸುತ್ತಾರೆ. ಯಾವ ಇಲಿ ಯಾವ ಗುಂಪಿನದೆಂಬುದು ಅಳೆಯುವವರಿಗೆ ತಿಳಿಯದಂತೆ ನೋಡಿಕೊಳ್ಳುವುದೂ ಅಗತ್ಯ.

ನಮಗೆ ಸಂಬಂಧಿಸಿದ ಒಂದು ಉದಾಹರಣೆ

ಹೃದಯದ ಸ್ನಾಯುವಿಗೆ ಬೇಕಾದ ಒಂದು ಪ್ರೋಟೀನಿನ ವಂಶವಾಹಿ ಎಂ.ವೈ.ಬಿ.ಪಿ.ಸಿ.3. ಇದನ್ನು ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ಹೃದಯ ದಪ್ಪಗಾಗಿ ಅದರ ಕಾರ್ಯ ಕುಂದುವುದು 2002ರಲ್ಲಿ ವರದಿಯಾಯಿತು. ಇದೇ ವಂಶವಾಹಿಯಲ್ಲಿ 25 ಅಕ್ಷರಗಳ ಲೋಪವೊಂದು ದಕ್ಷಿಣ ಏಷ್ಯಾದ ಸುಮಾರು ಶೇಕಡಾ 4ರಷ್ಟು ಜನರಲ್ಲಿದೆಯೆಂದೂ ಅದಕ್ಕೆ ಹೃದಯಸ್ನಾಯು ರೋಗದೊಡನೆ ನಂಟಿದೆಯೆಂದೂ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳನ್ನೊಳಗೊಂಡ ತಂಡವು 2009ರಲ್ಲಿ ಪ್ರಕಟಿಸಿತು. ಆದರೆ ಲೋಪವುಳ್ಳವರೆಲ್ಲರೂ ರೋಗಿಗಳಾಗುವುದಿಲ್ಲ.

ಇಲಿಯ ಹೃದಯ ಮನುಷ್ಯನದರ ಪಡಿಯಚ್ಚಲ್ಲ. ಎರಡರ ಹೃತ್ಕುಕ್ಷಿಗಳಲ್ಲಿ ಪ್ರಧಾನವಾಗಿರುವ ಮಯೋಸಿನ್ ಪ್ರೋಟೀನಿನ ಬಗೆಯೇ ಬೇರೆ. ಇಲಿಯಿಂದ ದೊರೆಯುವುದು ದಾರಿ ತೋರುವ ಸುಳಿವು ಮಾತ್ರ, ಅಂತಿಮ ತೀರ್ಪಲ್ಲ. ಮನೆಯಲ್ಲಿ ಯಾರಿಗಾದರೂ ಆನುವಂಶಿಕ ಹೃದಯಸ್ನಾಯು ರೋಗವಿರುವುದು ಪತ್ತೆಯಾದರೆ ಒಡಹುಟ್ಟಿದವರೂ ಮಕ್ಕಳೂ ವೈದ್ಯರ ಸಲಹೆಯಂತೆ ಇ.ಸಿ.ಜಿ. ಮತ್ತು ಎಕೋ ಮಾಡಿಸಿಕೊಳ್ಳುವುದು ಒಳಿತೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.