ಒಬ್ಬ ಮಾಷ್ಟ್ರು ಪಾಠಕ್ಕೆಂದು ಮಾಡಿದ ಆಟ

"ಸರ್, ಇವತ್ತು ಲ್ಯಾಬಿನಲ್ಲಿ ಗೇಮ್ ಆಡ್ಲಿಕ್ಕೆ ಬಿಡ್ತೀರಾ?" ಎಂಟನೇ ತರಗತಿಯ ಮಕ್ಕಳು ವಾರಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆ ಇದು. "ಮೊದಲು ಪಾಠ ಮುಗಿಯಲಿ, ಆಮೇಲೆ ನೋಡುವ" ಎನ್ನುವುದು ನನ್ನ ಮಾಮೂಲಿ ಉತ್ತರ. ಅಷ್ಟರಲ್ಲಿ ಬೆಲ್ ಆಗಿರುತ್ತದೆ. ಪಾಠವೇ ಬೇರೆ, ಆಟವೇ ಬೇರೆ ಎಂದು ನಾವು ಮಾಷ್ಟ್ರುಗಳು ನಂಬಿಬಿಟ್ಟಿದ್ದೇವೆ. ಹಾಗೆ ನಂಬದ ಒಬ್ಬ ಮಾಷ್ಟ್ರ ಕಥೆಯನ್ನು ಇವತ್ತು ಹೇಳುತ್ತೇನೆ.

1971ನೇ ಇಸವಿ. ಅಮೆರಿಕದ ಮಿನ್ನಿಯಾಪೊಲಿಸ್ ನಗರ. ಡಾನ್ ರಾವಿಚ್ ಎಂಬ ಯುವಕ, ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಬರುತ್ತಾರಲ್ಲ ಹಾಗೆ, ಒಂದು ಶಾಲೆಗೆ ಬೋಧನಾಭ್ಯಾಸಕ್ಕೆ ಹೋಗಿದ್ದರು. ಎಂಟನೇ ತರಗತಿಗೆ ಚರಿತ್ರೆ ಪಾಠ. 1840ರ ದಶಕದಲ್ಲಿ ಸಾವಿರಾರು ಜನ ಎತ್ತಿನ ಗಾಡಿ ಕಟ್ಟಿಕೊಂಡು, ಮಿಸ್ಸೂರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಪಶ್ಚಿಮದ ಆರೆಗನ್ ಸೀಮೆಗೆ ವಲಸೆ ಹೋದ ಕಥೆಯನ್ನು ಅವರು ಕಲಿಸಬೇಕಿತ್ತು. ದಾರಿ ಸುಮಾರು 2,000 ಮೈಲಿ, ಎಂದರೆ 3,200 ಕಿ.ಮೀ. ಐದಾರು ತಿಂಗಳ ಪಯಣ.

ಇಸವಿಗಳನ್ನು ಬೋರ್ಡಿನಲ್ಲಿ ಬರೆದು ಉರು ಹೊಡೆಸಬಹುದಿತ್ತು. ರಾವಿಚ್ ದೊಡ್ಡ ಕಾಗದದಲ್ಲಿ ನಕ್ಷೆ ಬಿಡಿಸಿ, ದಾಳ ಮತ್ತು ಚೀಟಿಗಳಿಂದ ಆಡುವ ಆಟವೊಂದನ್ನು ಮಾಡತೊಡಗಿದರು. ಅವರ ಜೊತೆ ಒಂದೇ ಮನೆಯಲ್ಲಿ ವಾಸವಿದ್ದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಇಬ್ಬರೂ ಗಣಿತದ ಶಿಕ್ಷಕ ವಿದ್ಯಾರ್ಥಿಗಳು, ಕಂಪ್ಯೂಟರಿನ ಬೇಸಿಕ್ ಭಾಷೆ ಬಲ್ಲವರು. "ಇದನ್ನು ಕಂಪ್ಯೂಟರಿನಲ್ಲೇ ಮಾಡೋಣ" ಎಂಬ ಯೋಚನೆ ಅವರ ಕಡೆಯಿಂದ ಬಂತು. ಸುಮಾರು ಎರಡು ವಾರದಲ್ಲಿ 'ದಿ ಆರೆಗನ್ ಟ್ರೇಲ್' ಸಿದ್ಧವಾಯಿತು. 1971ರ ಡಿಸೆಂಬರ್ 3ರಂದು ಮಕ್ಕಳು ಅದನ್ನು ಮೊದಲ ಬಾರಿ ಆಡಿದರು.

ಈಗಿನ ಮಕ್ಕಳಿಗೆ ನಂಬಲಿಕ್ಕೆ ಕಷ್ಟ, ಆ ಆಟಕ್ಕೆ ಪರದೆಯೇ ಇರಲಿಲ್ಲ! ತರಗತಿಯಲ್ಲಿದ್ದದ್ದು ಟೆಲಿಟೈಪ್ ಎಂಬ ಟೈಪ್‌ರೈಟರಿನಂಥ ಯಂತ್ರ ಒಂದೇ ಒಂದು. ಕಂಪ್ಯೂಟರ್ ಬೇರೆಲ್ಲೋ ದೂರದಲ್ಲಿ, ಟೆಲಿಫೋನ್ ತಂತಿಯ ಆಚೆ ತುದಿಯಲ್ಲಿ. ಅದು ಕೇಳುವ ಪ್ರಶ್ನೆ ಕಾಗದದ ಸುರುಳಿಯ ಮೇಲೆ ಟಕಟಕ ಅಚ್ಚಾಗುತ್ತಿತ್ತು. ಎತ್ತುಗಳಿಗೆ ಎಷ್ಟು ಖರ್ಚು ಮಾಡುತ್ತೀರಿ? ಆಹಾರಕ್ಕೆಷ್ಟು? ಬಟ್ಟೆಗೆಷ್ಟು? ಬೇಟೆಯಾಡಬೇಕಾದರೆ ಗುಂಡಿನ ಸದ್ದಾದ 'ಬ್ಯಾಂಗ್' ಎಂಬ ಪದವನ್ನು ತಪ್ಪಿಲ್ಲದೆ, ಬೇಗ ಟೈಪ್ ಮಾಡಬೇಕು. ನಿಧಾನವಾದರೆ ಬೇಟೆ ತಪ್ಪಿತು. ಮಕ್ಕಳು ತಾವಾಗಿಯೇ ಕೆಲಸ ಹಂಚಿಕೊಂಡರು. ಟೈಪಿಂಗಿನಲ್ಲಿ ಚುರುಕಾದವರು ಬೇಟೆಗೆ, ಲೆಕ್ಕ ಬಲ್ಲವರು ಹಣಕ್ಕೆ, ಇನ್ನೊಬ್ಬರು ನಕ್ಷೆಗೆ. ಗುಂಪು ಚಟುವಟಿಕೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವುದು ಇದನ್ನೇ ಅಲ್ಲವೇ?

ಸೆಮಿಸ್ಟರ್ ಮುಗಿಯಿತು. ರಾವಿಚ್ ಆಟವನ್ನು ಕಂಪ್ಯೂಟರಿನಿಂದ ಅಳಿಸಿದರು. ಆದರೆ ಪ್ರೋಗ್ರಾಮನ್ನು ಕಾಗದದ ಮೇಲೆ ಅಚ್ಚು ತೆಗೆದು ಮನೆಯಲ್ಲಿ ಇಟ್ಟುಕೊಂಡಿದ್ದರು. 1974ರಲ್ಲಿ ಮಿನ್ನೆಸೋಟದ ಶಾಲೆಗಳಿಗೆ ಕಂಪ್ಯೂಟರ್ ಸೌಲಭ್ಯ ಒದಗಿಸುವ ಸರ್ಕಾರಿ ಸಂಸ್ಥೆಯಲ್ಲಿ ಕೆಲಸ ಸಿಕ್ಕಾಗ, ಆ ಕಾಗದ ನೋಡಿಕೊಂಡು ಸುಮಾರು 800 ಸಾಲುಗಳನ್ನು ಮತ್ತೆ ಟೈಪ್ ಮಾಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಆ ದಾರಿಯಲ್ಲಿ ನಿಜವಾಗಿ ನಡೆದವರ ದಿನಚರಿಗಳನ್ನು ಓದಿ, ಕಾಯಿಲೆ, ಬಿರುಗಾಳಿ, ಗಾಡಿ ಮುರಿಯುವುದು ಇವೆಲ್ಲ ಎಲ್ಲೆಲ್ಲಿ ಎಷ್ಟು ಸಲ ಆಗುತ್ತಿದ್ದವು ಎಂದು ನೋಡಿ ಆಟವನ್ನು ತಿದ್ದಿದರು. ಆಧಾರ ಹುಡುಕಿ ಚರಿತ್ರೆ ಬರೆಯುವ ಕೆಲಸವೇ ಇದು.

1985ರಲ್ಲಿ ಅದೇ ಸಂಸ್ಥೆ ಆಪಲ್ 2 ಕಂಪ್ಯೂಟರಿಗೆ ಚಿತ್ರಗಳಿರುವ ಹೊಸ ಆವೃತ್ತಿ ತಂದಿತು. ಲಕ್ಷಾಂತರ ಮಕ್ಕಳು ಆಡಿದ್ದು ಇದನ್ನು. "ನೀವು ಆಮಶಂಕೆಯಿಂದ ಸತ್ತಿದ್ದೀರಿ" ಎಂಬ ಅದರ ಮಾತು ಅಮೆರಿಕದಲ್ಲಿ ಗಾದೆಯಂತೆ ಪ್ರಸಿದ್ಧ. 2016ರಲ್ಲಿ ಆಟ ವಿಶ್ವ ವಿಡಿಯೋ ಗೇಮ್ ಕೀರ್ತಿಶಾಲೆಗೆ ಸೇರಿತು. ಆದರೆ ಮೊದಲು ಮಾಡಿದ ಆ ಮೂವರಿಗೆ ಅದರ ಮಾರಾಟದಿಂದ ಗೌರವಧನ ಬರಲಿಲ್ಲ.

ಈಗ ಆಡಿಸಬಯಸುವ ಶಿಕ್ಷಕ ಮಿತ್ರರಿಗೆ ಒಂದೆರಡು ಮಾತು. ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಳೆಯ ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಇಟ್ಟಿತು. ಈ ಆಟದ 1990ರ ಆವೃತ್ತಿಯೂ ಅದರಲ್ಲಿ ಸೇರಿತ್ತು. ಒಂದು ಕಂಪ್ಯೂಟರಿಗೆ ಮೂವರನ್ನು ಕೂರಿಸಿ. ಮಾತೆಲ್ಲ ಇಂಗ್ಲಿಷಿನಲ್ಲಿದೆ, ಆದ್ದರಿಂದ ಮುಖ್ಯ ಪದಗಳ ಅರ್ಥವನ್ನು ಬೋರ್ಡಿನಲ್ಲಿ ಮೊದಲೇ ಬರೆಯಿರಿ. ಆರಂಭದಲ್ಲಿ ಬ್ಯಾಂಕರ್, ಬಡಗಿ, ರೈತ ಎಂದು ಆಯ್ಕೆ ಇದೆ. ಬ್ಯಾಂಕರಿಗೆ 1,600 ಡಾಲರ್, ಬಡಗಿಗೆ 800, ರೈತನಿಗೆ 400. ಆದರೆ ರೈತನಾಗಿ ಗುರಿ ಮುಟ್ಟಿದರೆ ಅಂಕ ಮೂರು ಪಟ್ಟು. ಬಡವನ ದಾರಿ ಏಕೆ ಕಷ್ಟ ಎನ್ನುವುದು ಯಾವ ಉಪನ್ಯಾಸವೂ ಇಲ್ಲದೆ ಮಕ್ಕಳಿಗೆ ಗೊತ್ತಾಗುತ್ತದೆ. ಬೇಟೆಯಲ್ಲೇ ಅವಧಿ ಮುಗಿಸಿಬಿಡುವ ಮಕ್ಕಳೂ ಇರುತ್ತಾರೆ, ಸ್ವಲ್ಪ ಕಣ್ಣಿಡಿ.

ಆಟ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಲು ಮರೆಯಬೇಡಿ. ಈ ಕಥೆಯಲ್ಲಿ ಯಾರ ಮಾತು ಇಲ್ಲ? ವಲಸೆಗಾರರು ಹೋಗಿ ನೆಲಸಿದ ವಿಲಾಮೆಟ್ ಕಣಿವೆ ಖಾಲಿ ಬಿದ್ದ ಜಾಗವಾಗಿರಲಿಲ್ಲ, ಕಲಪೂಯ ಜನರ ನೆಲವಾಗಿತ್ತು. ಹಳೆಯ ಆಟ ಗಾಡಿಯಲ್ಲಿ ಕುಳಿತವರ ಕಣ್ಣಿನಿಂದ ಮಾತ್ರ ನೋಡುತ್ತದೆ. 2021ರ ಹೊಸ ಆವೃತ್ತಿಯಲ್ಲಿ ಮೂಲನಿವಾಸಿ ವಿದ್ವಾಂಸರ ಸಲಹೆ ಪಡೆದು ಅವರ ಪಾತ್ರಗಳನ್ನೂ ಸೇರಿಸಿದರು. ಚರಿತ್ರೆಯಲ್ಲಿ ಯಾರು ಹೇಳುತ್ತಿದ್ದಾರೆ ಎಂಬುದು ಎಷ್ಟು ಮುಖ್ಯವೆಂದು ಗಡಿಯಾಚೆ ಕನ್ನಡ ಕಲಿಯುವ ನಮ್ಮ ಮಕ್ಕಳಿಗೆ ಬೇರೆ ವಿವರಿಸಬೇಕಾಗಿಲ್ಲ.

ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ ಎನ್ನುವಿರಾ? ರಾವಿಚ್ ಶುರು ಮಾಡಿದ್ದೂ ಕಾಗದ ಮತ್ತು ದಾಳದಿಂದಲೇ. ಆ ಆಟದಲ್ಲಿ ಹೊಳೆ ಅಡ್ಡ ಬಂದಾಗ ಇಳಿದು ದಾಟುವುದೋ, ಗಾಡಿಯನ್ನು ತೇಲಿಸುವುದೋ, ದುಡ್ಡು ಕೊಟ್ಟು ದೋಣಿ ಹಿಡಿಯುವುದೋ, ನೀರಿಳಿಯುವ ತನಕ ಕಾಯುವುದೋ ಎಂದು ನಿರ್ಧರಿಸಬೇಕು. ಕಾಸರಗೋಡಿನವರಾದ ನಮಗೆ ಇದು ಹೊಸತೇ? ಚಂದ್ರಗಿರಿ ಹೊಳೆಗೆ ಸೇತುವೆ ಇಲ್ಲದಿದ್ದಾಗ, ಆಟಿಯ ಮಳೆಯಲ್ಲಿ ಕಡವಿನಲ್ಲಿ ದೋಣಿ ಕಾದವರ ಮುಂದಿದ್ದದ್ದೂ ಇದೇ ಪ್ರಶ್ನೆ. ಅಂಥ ದಾಟುವಿಕೆಯ ಕಥೆಗಳನ್ನು ಮನೆಯ ಅಜ್ಜ ಅಜ್ಜಿಯರಿಂದ ಮಕ್ಕಳು ಕೇಳಿ ಬರೆದು ತರಲಿ. ಅದರಿಂದ ನಮ್ಮದೇ ಆಟ ಮಾಡಬಹುದು. ಹೇಳುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ತಡ ಮಾಡಿದರೆ ಕೇಳಲು ಯಾರೂ ಉಳಿಯುವುದಿಲ್ಲ.

ಅಂದು ರಾವಿಚ್ ಆ ಕಾಗದವನ್ನು ಎಸೆದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಹಿರಿಯರ ಮಾತನ್ನಂತೂ ಇನ್ನೂ ಕಾಗದಕ್ಕೇ ಇಳಿಸಿಲ್ಲ. ಮುಂದಿನ ವಾರ ನನ್ನ ಎಂಟನೇ ತರಗತಿಯಿಂದಲೇ ಶುರು ಮಾಡುತ್ತೇನೆ. ನೀವೂ ಮಾಡಿ ನೋಡಿ.